ಯಾವ ಕಾಲು?

ಸಾಂಗ್ಲಿ: ಅರಿಶಿನದ ಗೋದಾಮು

ಹಾಲೆಂಡಿಗೆ ಹೋಗಿ ಏನು ನೋಡಿ ಬಂದಿರಿ ಎಂದು ಕೇಳಿದವರಿಗೆಲ್ಲ ನಾನು "ಒಂದು ಮೇಜು" ಎಂದು ಹೇಳಿ ನಿರಾಶೆ ಮಾಡಿದ್ದೇನೆ. ಗಾಳಿಯಂತ್ರವನ್ನೂ ನೋಡಿದೆ, ಸುಳ್ಳೇಕೆ; ಆದರೆ ಓಡುವ ರೈಲಿನಿಂದ, ಅದೂ ಅರ್ಧ. ಉಳಿದರ್ಧವನ್ನು ನಮ್ಮ ಡಾಕ್ಟರೊಬ್ಬರ ತಲೆ ಮರೆಮಾಡಿತ್ತು. ಟ್ಯೂಲಿಪ್ ಹೂಗಳ ಹಂಗಾಮು ಮುಗಿದಿತ್ತು. ಉಳಿದದ್ದು ಮೇಜು. ಆ ಮೇಜಿನ ಮುಂದೆ ನಾನು ಕಳೆದ ಅರ್ಧ ತಾಸು ಈಗಲೂ ಚಹಾ ಸೋಸುವಾಗ, ಬಸ್ಸಿಗೆ ಕಾಯುವಾಗ ಬಂದು ಎದುರು ನಿಲ್ಲುತ್ತದೆ. ಸೋಸಣಿಗೆ ಕೈಯಲ್ಲೇ ಉಳಿಯುತ್ತದೆ, ಚಹಾ ಆರುತ್ತದೆ.

ನಮ್ಮ ಕಡೆ ರೋಗ ಬಲಿತರೆ ಜನ "ಮಿರಜಿಗೆ ಹೋಗೂಣು" ಎನ್ನುತ್ತಾರೆ. ಉಗಾರ, ಕುಡಚಿ, ಅಥಣಿಯಿಂದ ಹಿಡಿದು ಮೀಸಾಳ, ಆರಗದವರೆಗೆ ಎಲ್ಲರಿಗೂ ಮಿರಜವೇ ಕೊನೆಯ ಸ್ಟೇಶನ್. ಕ್ಯಾನ್ಸರಿಗೆ ಅಲ್ಲಿ ಮೂವರು ಡಾಕ್ಟರು. ಅವರ ಹೆಸರು ನಾನು ಬರೆಯುವುದಿಲ್ಲ, ರೋಗಿಗಳೂ ಹೆಸರು ಹಿಡಿದು ಕರೆದವರಲ್ಲ. ಕೊಯ್ಯುವವರು ಚೂರಿ ಡಾಕ್ಟರು. ಯಂತ್ರದ ಕಿರಣದಿಂದ ಗಂಟನ್ನು ಸುಡುವವರು ಶೇಕಿನ ಡಾಕ್ಟರು. ಬಾಟಲಿ ತೂಗಿಹಾಕಿ ಔಷಧ ಇಳಿಸುವವರು ಸಲೈನ್ ಡಾಕ್ಟರು. ಮೂವರ ದವಾಖಾನೆಗಳೂ ಒಂದೇ ರಸ್ತೆಯಲ್ಲಿ, ಒಂದು ಕಲ್ಲೆಸೆದರೆ ಇನ್ನೊಂದರ ಕಿಟಕಿ ಒಡೆಯುವಷ್ಟು ಹತ್ತಿರ. ಆದರೆ ಏಳು ವರ್ಷದಿಂದ ಒಬ್ಬರಿಗೊಬ್ಬರು ಮಾತಿರಲಿಲ್ಲ. ಆ ದಿನಗಳಲ್ಲಿ ಮಿರಜ-ಸಾಂಗ್ಲಿ ರಸ್ತೆಗೆ ತಿಂಗಳಿಗೊಂದು ಹೊಸ ದೀಪದ ಬೋರ್ಡು ಬರುತ್ತಿತ್ತು. ಒಬ್ಬರ ಬೋರ್ಡು ಇನ್ನೊಬ್ಬರದಕ್ಕಿಂತ ಗೇಣುದ್ದ ಮೇಲೇರಿದ್ದೇ ಜಗಳದ ಮೂಲ ಎಂಬುದು ಎದುರಿನ ಚಹಾದಂಗಡಿಯ ಅಭಿಪ್ರಾಯ.

ನಾನು ಇವರಲ್ಲಿ ಯಾರ ಕಡೆಯವಳೂ ಅಲ್ಲ. ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ದಲಾಲಿ ಮಾಡುವ ಒಬ್ಬ ಅಡತಿ ವ್ಯಾಪಾರಿ ಇದ್ದಾರೆ, ಊರೆಲ್ಲ ಅವರನ್ನು ಕಾಕಾ ಎನ್ನುತ್ತದೆ. ಹೆಂಡತಿಯನ್ನು ಇದೇ ರೋಗದಲ್ಲಿ ಕಳೆದುಕೊಂಡ ಮೇಲೆ ಬಡ ರೋಗಿಗಳಿಗಾಗಿ ಒಂದು ಟ್ರಸ್ಟ್ ಮಾಡಿದರು. ಗೋದಾಮಿನ ಮೆಟ್ಟಿಲ ಕೆಳಗೆ ನನ್ನ ಮೇಜು. ಬಂದವರ ಕಥೆಯನ್ನು ಕನ್ನಡದಲ್ಲೋ ಮರಾಠಿಯಲ್ಲೋ ಕೇಳಿ, ಇಂಗ್ಲಿಷಿನಲ್ಲಿ ಫಾರ್ಮಿಗೆ ಇಳಿಸಿ ಡಾಕ್ಟರ ಬಳಿ ಕಳಿಸುವುದು ನನ್ನ ಕೆಲಸ. ಬಿ.ಎಸ್ಸಿ. ಓದಿದ್ದೇನೆ, ಮನೆಮಾತು ಕನ್ನಡ, ಶಾಲೆ ಮರಾಠಿ. ಎರಡೂ ಭಾಷೆ ನನಗೆ ಎರಡು ಕೈಯಿದ್ದಂತೆ ಎಂದು ಹೆಮ್ಮೆಪಡುತ್ತಿದ್ದೆ. ರೋಗಿಗಳು ನನ್ನನ್ನು 'ಫಾರ್ಮ್‌ಬಾಯಿ' ಎನ್ನುತ್ತಿದ್ದರು.

ಕಾಕಾಗೆ ಸಿಟ್ಟು ಬಂದದ್ದು ರಕ್ತದ ವಿಷಯಕ್ಕೆ. ಚೂರಿ ಡಾಕ್ಟರು ಮಾಡಿಸಿದ ರಕ್ತಪರೀಕ್ಷೆಯನ್ನು ಶೇಕಿನ ಡಾಕ್ಟರು ನಂಬುತ್ತಿರಲಿಲ್ಲ. ಅವರು ಮಾಡಿಸಿದ್ದನ್ನು ಸಲೈನ್ ಡಾಕ್ಟರು ನೋಡುತ್ತಲೇ ಇರಲಿಲ್ಲ. ಒಂದು ದಿನ ಮೂವರನ್ನೂ ಗೋದಾಮಿಗೆ ಕರೆಸಿ, ಅರಿಶಿನದ ಚೀಲಗಳ ಮೇಲೆ ಕೂರಿಸಿ ಕಾಕಾ ಕೇಳಿದರು: "ಅರಿಷಿಣಾ ಮೂರ ತಕ್ಕಡ್ಯಾಗ ತೂಗಿದ್ರ ಜಾಸ್ತಿ ಆಕ್ಕೈತೇನ್ರಿ ಡಾಕ್ಟರ? ಒಂದ ರಕ್ತ, ಮೂರ ತಪಾಸಣಿ. ಆ ರೊಕ್ಕದಾಗ ಇನ್ನಿಬ್ಬರಿಗೆ ಔಷಧ ಬರತಿತ್ತು."

ಮೂವರೂ ಚಾವಣಿ ನೋಡಿದರು.

ಹಾಲೆಂಡಿನ ಒಂದು ಊರಿನಲ್ಲಿ ಕ್ಯಾನ್ಸರಿನ ಎಲ್ಲ ಡಾಕ್ಟರು ಪ್ರತಿ ಗುರುವಾರ ಒಂದೇ ಮೇಜಿಗೆ ಕೂತು ಒಬ್ಬೊಬ್ಬ ರೋಗಿಯ ಬಗ್ಗೆಯೂ ಸೇರಿ ನಿರ್ಧಾರ ಮಾಡುತ್ತಾರೆಂದು ಕಾಕಾಗೆ ಯಾರೋ ಹೇಳಿದ್ದರು. ಪತ್ರ ಹೋಯಿತು, ಉತ್ತರ ಬಂತು: ಬನ್ನಿ, ನಿಮ್ಮ ಕಷ್ಟದ ಕಡತಗಳನ್ನೂ ತನ್ನಿ. ಮೂವರೂ ಒಪ್ಪಿದರು. ಮಿಕ್ಕ ಇಬ್ಬರು ಹೋದರೆ ಹಿಂದೆ ಉಳಿಯುವುದು ಯಾರಿಗೂ ಬೇಕಿರಲಿಲ್ಲ. ಆದರೆ ಕಡತಗಳು ಯಾರ ಕೈಯಲ್ಲಿರಬೇಕು? ಈ ಪ್ರಶ್ನೆಗೆ ಎರಡು ವಾರ ಹಿಡಿಯಿತು. ಕೊನೆಗೆ ಯಾರ ಕಡೆಯೂ ಅಲ್ಲದ ಫಾರ್ಮ್‌ಬಾಯಿಗೆ ಪಾಸ್‌ಪೋರ್ಟ್ ಆಯಿತು.

ಮೂರು ದವಾಖಾನೆಗಳ ಕಾಗದಗಳನ್ನು ಮೊದಲ ಸಲ ಒಂದೇ ದಾರಕ್ಕೆ ಪೋಣಿಸುತ್ತ ಕೂತಾಗ ಶಾಂತವ್ವ ಮಾವಶಿಯ ಕಡತ ಕೈಗೆ ಬಂತು. ಮಾವಶಿ ಎಂದರೆ ಚಿಕ್ಕಮ್ಮ, ಸಂಬಂಧದಿಂದಲ್ಲ, ರೂಢಿಯಿಂದ: ಆರಗದಲ್ಲಿ ನನ್ನ ತವರು ಮನೆಯ ಎದುರಿನ ಮನೆ ಅವರದು. ನನಗೆ ಜಡೆ ಹಾಕಿದವರು. ಎದೆಯಲ್ಲಿ ಗಂಟಾಗಿ, ಸೂಜಿ ಚುಚ್ಚಿ ಪರೀಕ್ಷೆ ಮಾಡಿ, ಅದೇ ಎಂದು ತಿಳಿದಿತ್ತು. ಸೂಜಿ ಚುಚ್ಚಿದ ಮರುದಿನವೇ ಗೋದಾಮಿಗೆ ಬಂದು ನನ್ನ ಮುಂದೆ ಕೂತಿದ್ದರು. "ಹೆಂಗ ಅದೀರಿ ಮಾವಶಿ?" ಎಂದೆ. ನಮ್ಮ ಗಡಿಯ ಹಳ್ಳಿಗಳಲ್ಲಿ ಒಂದೇ ವಾಕ್ಯದಲ್ಲಿ ಎರಡು ಭಾಷೆ ಸಂಸಾರ ಮಾಡುತ್ತವೆ. ಅವರು ಹೇಳಿದ್ದು ಇಷ್ಟು: "ಕಾಲ ಲಯೀ ದುಖಲಂ. ಇವತ್ತ ಸುಮಾರ ಐತಿ." ತುಂಬಾ ನೋವಾಯಿತು, ಇವತ್ತು ಪರವಾಗಿಲ್ಲ. ನಾನು ಫಾರ್ಮಿನಲ್ಲಿ, ಇಂಗ್ಲಿಷಿನಲ್ಲಿ, ಬರೆದೆ: ಕಾಲು ನೋವು, ಜೋರು.

ಈ ಒಂದು ಸಾಲಿಗಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಕಾಲು ನೋವು ಎಂದು ಓದಿ ಚೂರಿ ಡಾಕ್ಟರು ಪುಣೆಗೆ ಕಳಿಸಿ ಎಲುಬಿನ ಸ್ಕ್ಯಾನ್ ಮಾಡಿಸಿದರು. ಬಲ ಮೊಣಕಾಲ ಕೆಳಗೆ ಒಂದು ಕಪ್ಪು ಚುಕ್ಕೆ ಬಂತು. ರೋಗ ಎಲುಬಿಗೆ ಇಳಿದಿದೆ, ಆಪರೇಶನ್ ಮಾಡಿ ಉಪಯೋಗವಿಲ್ಲ ಎಂದು ಬರೆದರು. ಅದನ್ನು ನೋಡಿ ಶೇಕಿನ ಡಾಕ್ಟರು ನೋವು ತಗ್ಗಲು ಕಾಲಿಗೆ ಶೇಕು ಕೊಡೋಣ ಎಂದು ಬರೆದರು. ಇದ್ಯಾವುದನ್ನೂ ನೋಡದ ಸಲೈನ್ ಡಾಕ್ಟರು, ಔಷಧ ಕೊಟ್ಟು ಗಂಟು ಕುಗ್ಗಿಸಿ ಆಪರೇಶನ್ನಿಗೆ ಕಳಿಸೋಣ ಎಂದು ಬರೆದಿದ್ದರು. ಒಂದು ಹೆಂಗಸು, ಮೂರು ಹಣೆಬರಹ.

"ನೀ ಹೋಗಿ ಬಾ, ಆಮ್ಯಾಲ ನೋಡೂಣು," ಎಂದರು ಮಾವಶಿ, ನನ್ನ ತಲೆ ಸವರಿ. "ಅಲ್ಲಿ ಮಂದಿಗೆ ಹೇಳು, ಮಾವಶಿ ಇನ್ನೂ ಹತ್ತ ವರ್ಷ ಕಬ್ಬ ನೋಡಾಕಿ ಅದಾಳಂತ."

ಆಮ್ಸ್ಟರ್‌ಡಾಮ್: ಹದಿನೆಂಟು ಜನರ ಡಬ್ಬಿ

ವಿಮಾನದಲ್ಲಿ ಮೂವರೂ ಮೂರು ಬೇರೆ ಸಾಲಿನಲ್ಲಿ ಕೂತರು. ನಾನು ಕಡತದ ಚೀಲವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಇಳಿದ ಮೇಲೆ ಕಸ್ಟಮ್ಸಿನಲ್ಲಿ ಒಂದು ನಾಯಿ ನೇರವಾಗಿ ಬಂದು ಸಲೈನ್ ಡಾಕ್ಟರ ಪೆಟ್ಟಿಗೆಯ ಮುಂದೆ ಕುಳಿತಿತು. ಅಧಿಕಾರಿ ಪೆಟ್ಟಿಗೆ ತೆರೆಸಿದ. ಮೊದಲು ಸಿಕ್ಕದ್ದು ಬಿಸ್ಕೀಟಿನ ಡಬ್ಬಿ. ಅದರಲ್ಲಿ ರೋಗಿಗಳ ಗಂಟಿನಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಕೂರಿಸಿದ ಪುಟ್ಟ ಪುಟ್ಟ ಬಿಲ್ಲೆಗಳಿದ್ದವು. ಅಲ್ಲಿಯವರು ಮತ್ತೊಮ್ಮೆ ಪರೀಕ್ಷಿಸಲೆಂದು ತಂದದ್ದು. ನೋಡಲು ಥೇಟ್ ಬರ್ಫಿ.

"ಇದೇನು, ಮಿಠಾಯಿಯೇ?" ಎಂದ ಅಧಿಕಾರಿ.

ಸಲೈನ್ ಡಾಕ್ಟರು ಗಾಬರಿಯಲ್ಲಿ ಬಹಳ ಸತ್ಯವಾದ ಉತ್ತರ ಕೊಟ್ಟರು: "ಇಲ್ಲ ಸರ್. ಇವರು ನಮ್ಮ ಊರಿನ ಹದಿನೆಂಟು ಜನ."

ಅಧಿಕಾರಿಯ ಹುಬ್ಬು ಟೋಪಿಯೊಳಗೆ ಹೋಯಿತು. ಚೂರಿ ಡಾಕ್ಟರು ಮುಂದೆ ಬಂದು ಎಲ್ಲರೂ ಬದುಕಿದ್ದಾರೆಂದು ವಿವರಿಸತೊಡಗಿದರು, ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ನಾನು ಆ ಊರಿನ ಆಸ್ಪತ್ರೆಯ ಪತ್ರ ತೋರಿಸಿದೆ. ಅಷ್ಟರಲ್ಲಿ ನಾಯಿ ತನಗೆ ನಿಜವಾಗಿ ಬೇಕಾಗಿದ್ದ ಡಬ್ಬಿಯನ್ನು ಮೂಗಿನಿಂದ ತಿವಿಯಿತು. ಸಾಂಗ್ಲಿಯ ಭಡಂಗ: ಬೆಳ್ಳುಳ್ಳಿ, ಖಾರ, ಶೇಂಗಾ ಹಾಕಿದ ಚುರುಮುರಿ. ಮುಚ್ಚಳ ತೆರೆದದ್ದೇ ನಾಯಿ ಮೂರು ಸಲ ಸೀನಿ, ಅಧಿಕಾರಿಯ ಕಾಲಸಂದಿಗೆ ಹೋಗಿ ಕೂತಿತು. ಆತ ನಗುತ್ತ ಕೈಬೀಸಿದ. ಹದಿನೆಂಟು ಜನರೂ ಭಡಂಗವೂ ನಾವು ನಾಲ್ವರೂ ಹಾಲೆಂಡಿಗೆ ಪ್ರವೇಶಿಸಿದೆವು.

ಐಸೆಲ್ ನದಿಯ ದಂಡೆ: ಒಂದು ಬಿಸ್ಕೀಟು

ನಾವಿದ್ದ ಊರು ಐಸೆಲ್ ಎಂಬ ನದಿಯ ದಂಡೆಯ ಮೇಲಿದೆ. ಸಾಂಗ್ಲಿಯ ಕೃಷ್ಣೆಯಷ್ಟೇ ಅಗಲ, ಆದರೆ ಇಸ್ತ್ರಿ ಮಾಡಿದಂತೆ ನೆಟ್ಟಗೆ ಹರಿಯುತ್ತದೆ. ಬಟ್ಟೆ ಒಗೆಯುವವರಿಲ್ಲ, ಎಮ್ಮೆಗಳಿಲ್ಲ. ಮೊದಲ ದಿನ ನನಗೆ ಆ ನದಿ ಕೆಲಸವಿಲ್ಲದೆ ಕೂತಂತೆ ಕಂಡಿತು.

ನಾನು ಉಳಿದದ್ದು ಆ ಆಸ್ಪತ್ರೆಯ ನರ್ಸ್ ಮರೈಕೆ ಎಂಬವರ ಮನೆಯಲ್ಲಿ. ಐವತ್ತು ದಾಟಿದವರು, ನನಗಿಂತ ಒಂದು ಮೊಳ ಎತ್ತರ. ಹೋದೊಡನೆ ಕಾಫಿ ಕೊಟ್ಟು, ಡಬ್ಬಿ ತೆರೆದು, ಒಂದು ಬಿಸ್ಕೀಟು ತೆಗೆದುಕೊಳ್ಳಲು ಹೇಳಿ, ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟರು. ಇನ್ನೊಂದು ಬರುತ್ತದೆಂದು ನಾನು ಕಾಯ್ದೆ. ಬರಲಿಲ್ಲ. ನಮ್ಮಲ್ಲಿ "ಸಾಕು" ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಇಳಿಸುತ್ತಾರೆ. ಇಲ್ಲಿ ಒಂದೆಂದರೆ ಒಂದು. ಜಿಪುಣತನವಲ್ಲ. ತಮ್ಮ ಸೈಕಲ್ಲನ್ನು ಬಿಟ್ಟುಕೊಟ್ಟರು, ಹಾಸಿಗೆ ಕೊಟ್ಟು ತಾವು ಸೋಫಾದ ಮೇಲೆ ಮಲಗಿದರು. ಬಿಸ್ಕೀಟು ಮಾತ್ರ ಒಂದು.

ಅವರ ಶೌಚಾಲಯದ ಗೋಡೆಯ ಮೇಲೆ ಕ್ಯಾಲೆಂಡರಿತ್ತು. ವಾರಗಳಿಲ್ಲ, ಬರೀ ತಾರೀಕು, ಅದರ ಮುಂದೆ ಹೆಸರುಗಳು. ಬಂಧುಬಳಗದ ಹುಟ್ಟುಹಬ್ಬಗಳಂತೆ. "ದಿನಕ್ಕೆ ನಾಲ್ಕು ಸಲ ಹೋಗುವ ಜಾಗ, ಅಲ್ಲಿದ್ದರೆ ಯಾರನ್ನೂ ಮರೆಯುವುದಿಲ್ಲ" ಎಂದರು ಮರೈಕೆ. ಹುಟ್ಟುಹಬ್ಬದ ದಿನ ಹುಟ್ಟಿದವರಿಗಷ್ಟೇ ಅಲ್ಲ, ಅವರ ಅಪ್ಪ, ಅಮ್ಮ, ಗಂಡ, ನೆರೆಮನೆಯವರಿಗೂ ಕೈಕುಲುಕಿ ಅಭಿನಂದನೆ ಹೇಳುತ್ತಾರಂತೆ. ಒಬ್ಬ ಹುಟ್ಟಿದ್ದಕ್ಕೆ ಊರೇ ಗೆದ್ದಂತೆ.

ಮೂವರು ಡಾಕ್ಟರಿಗೆ ಆಸ್ಪತ್ರೆಯವರು ಒಂದೇ ಮನೆ ಕೊಟ್ಟಿದ್ದರು. ಒಂದೇ ಬಚ್ಚಲು. ಏಳು ವರ್ಷದ ಮೌನ ಮುರಿದದ್ದು ಎರಡನೆಯ ಬೆಳಗ್ಗೆ. ಶೇಕಿನ ಡಾಕ್ಟರು ಹೊರಗೆ ಟವೆಲು ಸುತ್ತಿಕೊಂಡು ನಡುಗುತ್ತ ಕೇಳಿದರಂತೆ: "ಒಳಗ ನೀರ ಬಿಸಿ ಅದಾವೇನು?"

"ಇದ್ದೂ," ಎಂದರಂತೆ ಚೂರಿ ಡಾಕ್ಟರು ಒಳಗಿನಿಂದ. "ಈಗ ಮುಗದೂ."

ಅಂದು ಸಂಜೆ ಚೂರಿ ಡಾಕ್ಟರು ಕೆಂಪು ಹಾಸಿದ ರಸ್ತೆ ಎಷ್ಟು ಚೊಕ್ಕಟವಾಗಿದೆ ನೋಡಿ ಎಂದು ಅದರ ನಡುವೆ ನಿಂತು ಮೆಚ್ಚಿಕೊಳ್ಳುತ್ತಿದ್ದರು. ಅದು ಸೈಕಲ್ಲಿನವರ ದಾರಿ. ಎಂಬತ್ತರ ಅಜ್ಜಿಯೊಬ್ಬಳು ಗಂಟೆ ಬಾರಿಸುತ್ತ ಬಿರುಗಾಳಿಯಂತೆ ಬಂದಳು. ಸಲೈನ್ ಡಾಕ್ಟರು ಕೊರಳಪಟ್ಟಿ ಹಿಡಿದು ಎಳೆಯದಿದ್ದರೆ ಮಿರಜದಲ್ಲಿ ಆಪರೇಶನ್ನುಗಳು ಬಹಳ ದಿನ ನಿಲ್ಲುತ್ತಿದ್ದವು.

"ಉಪಕಾರ ಆತರಿ," ಎಂದರು ಚೂರಿ ಡಾಕ್ಟರು, ಕೊರಳಪಟ್ಟಿ ಸರಿಮಾಡಿಕೊಂಡು.

"ಉಪಕಾರ ಏನರಿ. ನೀವು ಹೋದ್ರ ನಾ ಯಾರ ಜೋಡಿ ಸಿಟ್ಟಿಲೆ ಇರ್ಲಿ?"

ಗುರುವಾರದ ಮೇಜು

ಮೇಜು ಉದ್ದನೆಯದು, ಮೊಟ್ಟೆಯಾಕಾರದ್ದು. ತಲೆಯ ಕಡೆ ಯಾವುದು, ಕಾಲ ಕಡೆ ಯಾವುದು ತಿಳಿಯುವುದಿಲ್ಲ. ಹಾಗೆ ತಿಳಿಯಬಾರದೆಂದೇ ಮಾಡಿಸಿದ್ದಂತೆ. ದೊಡ್ಡ ಊರಿನ ಮೂವರು ತಜ್ಞರು ಆ ದಿನ ರೈಲು ಹತ್ತಿ ಈ ಸಣ್ಣ ಊರಿಗೆ ಬರುತ್ತಾರೆ. ನಮ್ಮಲ್ಲಿ ರೋಗಿ ಡಾಕ್ಟರಿಂದ ಡಾಕ್ಟರಿಗೆ ಅಲೆಯುತ್ತಾನೆ. ಇಲ್ಲಿ ಡಾಕ್ಟರು ಅಲೆಯುತ್ತಾರೆ, ರೋಗಿ ಮನೆಯಲ್ಲಿರುತ್ತಾನೆ. ಒಂದು ಕಡತಕ್ಕೆ ಆರು ನಿಮಿಷ. ನಡುವೆ ಕೂತ ಅಧ್ಯಕ್ಷೆ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ನರ್ಸುಗಳೂ ಡಾಕ್ಟರ ಸಾಲಿನಲ್ಲೇ ಕೂತಿದ್ದರು. ಬಿಳಿಕೂದಲಿನ ದೊಡ್ಡ ಡಾಕ್ಟರೊಬ್ಬರಿಗೆ ಒಬ್ಬ ನರ್ಸ್ "ನೀವು ಹೇಳುವುದು ತಪ್ಪು" ಎಂದಳು. ನಮ್ಮ ಮೂವರೂ ಉಸಿರು ಹಿಡಿದರು. ಬಿಳಿಕೂದಲಿನವರು "ಹೌದಲ್ಲ" ಎಂದು ಬರೆದುಕೊಂಡರು. ಸಲೈನ್ ಡಾಕ್ಟರು ನನ್ನ ಕಿವಿಯಲ್ಲಿ, "ನಮ್ಮ ಕಡೆ ಹಿಂಗಂದ್ರ ಆಕೀ ಮರುದಿನ ಮನಿಯಾಗ," ಎಂದರು.

ನಮ್ಮ ಹದಿನೆಂಟು ಕಡತಗಳು ಕೊನೆಗಿದ್ದವು. ಶಾಂತವ್ವ ಮಾವಶಿಯದು ನಾಲ್ಕನೆಯದು. ಸಾರಾಂಶವನ್ನು ಓದುವ ಕೆಲಸ ನನ್ನದು. ಓದಿದೆ: ಐವತ್ತೆಂಟು ವರ್ಷ, ಎದೆಯಲ್ಲಿ ಗಂಟು, ಕಾಲು ನೋವು, ಎಲುಬಿನ ಸ್ಕ್ಯಾನಿನಲ್ಲಿ ಒಂದು ಚುಕ್ಕೆ.

ಅಧ್ಯಕ್ಷೆ ಕಾಗದ ತಿರುವಿ ಕೇಳಿದರು: "ಒಂದೇ ವಾರದಲ್ಲಿ ಮೂರು ರಕ್ತಪರೀಕ್ಷೆ ಇವೆ. ಇವರದು ಯಾವುದು?"

"ಮೂರೂ ಇವರದೇ," ಎಂದೆ.

"ರೋಗ ಅಷ್ಟು ಬೇಗ ಬದಲಾಗುತ್ತಿತ್ತೇ?"

"ಇಲ್ಲ. ಡಾಕ್ಟರು ಬದಲಾಗುತ್ತಿದ್ದರು."

ಮೇಜು ನಕ್ಕಿತು. ನಮ್ಮ ಮೂವರು ಚಾವಣಿ ನೋಡಿದರು. ಚಾವಣಿ ನೋಡುವುದರಲ್ಲಿ ಮಾತ್ರ ಅವರಿಗೆ ಮೊದಲಿನಿಂದಲೂ ಒಗ್ಗಟ್ಟಿತ್ತು.

ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದರು. ರೋಗ ಎಲುಬಿಗೆ ಹೋಗಿದ್ದರೆ ಆಪರೇಶನ್ ಬೇಡ ಎಂದರು ಒಬ್ಬರು. ನೋವು ತಗ್ಗಿಸುವುದೇ ದಾರಿ ಎಂದರು ಇನ್ನೊಬ್ಬರು. ಚೂರಿ ಡಾಕ್ಟರು ತಲೆಯಾಡಿಸಿದರು, ತಾವು ಬರೆದದ್ದೇ ಸರಿ ಎಂದಾಯಿತಲ್ಲ. ಐದು ನಿಮಿಷ ಆಗಿತ್ತು. ಅಧ್ಯಕ್ಷೆಯ ಎಡಗೈ ಐದನೆಯ ಕಡತವನ್ನು ಆಗಲೇ ಮುಟ್ಟಿತ್ತು. ಕಾಫಿಯ ಬಂಡಿ ಬಾಗಿಲಲ್ಲಿ ಬಂದು ನಿಂತಿತ್ತು. ಈಗಲೂ ನನಗೆ ಮೊದಲು ಕಾಣುವುದು ಆ ಎಡಗೈ.

ಆಗ ಮರೈಕೆ, ಪೆನ್ನಿನ ಮುಚ್ಚಳ ಹಾಕುತ್ತ, ಯಾವ ಗಾಂಭೀರ್ಯವೂ ಇಲ್ಲದೆ ಕೇಳಿದರು: "ಯಾವ ಕಾಲು?"

ಮರೈಕೆ ಸ್ಕ್ಯಾನ್ ಚಿತ್ರದ ಕಡೆ ಕೈ ತೋರಿಸಿದರು.

"ಚುಕ್ಕೆ ಬಲಗಾಲಿನಲ್ಲಿದೆ. ನೋವು ಯಾವ ಕಾಲಿನಲ್ಲಿ? ಫಾರ್ಮಿನಲ್ಲಿ ಬರೆದಿಲ್ಲ."

ಎಲ್ಲರೂ ಚೂರಿ ಡಾಕ್ಟರನ್ನು ನೋಡಿದರು, ಅವರು ಶೇಕಿನ ಡಾಕ್ಟರನ್ನು ನೋಡಿದರು, ಅವರು ಸಲೈನ್ ಡಾಕ್ಟರನ್ನು, ಅವರು ನನ್ನನ್ನು. ಫಾರ್ಮ್ ತುಂಬಿದವಳು ನಾನು. ಎಡವೋ ಬಲವೋ ಎಂದು ನಾನು ಬರೆಯದೆ ಬಿಟ್ಟದ್ದು ಅದೊಂದೇ ಫಾರ್ಮಿನಲ್ಲಿ. ಯಾಕೆ ಬಿಟ್ಟೆ? ನನಗೇ ಗೊತ್ತಾಗಲಿಲ್ಲ. ಗೋದಾಮಿನ ಮೆಟ್ಟಿಲ ಕೆಳಗೆ ಮಾವಶಿ ಕೂತಿದ್ದ ರೀತಿ ನೆನಪು ಮಾಡಿಕೊಂಡೆ. ಅವರ ಕೈ ಎಲ್ಲಿತ್ತು? ಕಾಲಿನ ಮೇಲಲ್ಲ. ಸೆರಗಿನೊಳಗೆ, ಎದೆಯ ಮೇಲಿತ್ತು. ಬಾಯಲ್ಲಿ ಅವರ ಮಾತನ್ನೇ ಮೆಲ್ಲಗೆ ಹೇಳಿಕೊಂಡೆ, ಅದು ಮೇಜಿಗೆ ಕೇಳಿಸುವಷ್ಟು ಜೋರಾಗಿ ಬಂತು: "ಕಾಲ ಲಯೀ ದುಖಲಂ. ಇವತ್ತ ಸುಮಾರ ಐತಿ."

ಶೇಕಿನ ಡಾಕ್ಟರ ಮನೆಮಾತು ಮರಾಠಿ. ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಸುಮನಬಾಯಿ, ಮುಂದ ಏನಂದ್ರು?"

"ಇವತ್ತ ಸುಮಾರ ಐತಿ, ಅಂದ್ರು."

"ಇವತ್ತ ಸುಮಾರ ಇದ್ರ, ಲಯೀ ದುಖಲೇಲಂ ಯಾವಾಗ?"

ಕನ್ನಡದ ಕಾಲ ಕಾಲು. ಮರಾಠಿಯ ಕಾಲ ನಿನ್ನೆ. ನಿನ್ನೆ ಬಹಳ ನೋವಾಯಿತು, ಇವತ್ತು ಪರವಾಗಿಲ್ಲ. ಸೂಜಿ ಚುಚ್ಚಿದ್ದು ಫಾರ್ಮ್ ತುಂಬಿದ್ದರ ಹಿಂದಿನ ದಿನ. ನನ್ನ ಎರಡು ಕೈಗಳಲ್ಲಿ ಒಂದು ಇನ್ನೊಂದನ್ನು ಗುರುತಿಸಿರಲಿಲ್ಲ. ಮಾವಶಿಯ ಬದುಕಿನ ಒಂದು ದಿನವನ್ನು ಎತ್ತಿ ನಾನು ಅವರ ಕಾಲಿಗೆ ಕಟ್ಟಿದ್ದೆ.

"ಚುಕ್ಕೆ?" ಎಂದರು ಅಧ್ಯಕ್ಷೆ, ವಿಷಯ ಇಂಗ್ಲಿಷಿಗೆ ಬಂದ ಮೇಲೆ. "ಅದು ಇದ್ದೇ ಇದೆಯಲ್ಲ. ನೀವು ಕಾಲನ್ನು ಪರೀಕ್ಷಿಸಿದಿರಾ?"

ಚೂರಿ ಡಾಕ್ಟರು ಎದ್ದು ನಿಂತರು. ಶಾಲೆಯಲ್ಲಿ ನಿಂತಂತೆ. "ಗಂಟನ್ನು ಕೈಯಿಂದ ನೋಡಿದೆ," ಎಂದರು. "ಕಾಲನ್ನು ಕಾಗದದಲ್ಲಿ ನೋಡಿದೆ."

ಅಷ್ಟು ಜನರ ಮುಂದೆ ಆ ಮಾತು ಹೇಳಿದ ದಿನದಿಂದ ಅವರ ಮೇಲೆ ನನಗೆ ಗೌರವ.

ಅಧ್ಯಕ್ಷೆ ಐದನೆಯ ಕಡತವನ್ನು ಕೆಳಗಿಟ್ಟು, ಕೈಗಡಿಯಾರವನ್ನು ತಲೆಕೆಳಗಾಗಿ ಮಲಗಿಸಿದರು. "ಅವರನ್ನೇ ಕೇಳೋಣ," ಎಂದು ಫೋನನ್ನು ನನ್ನ ಕಡೆ ತಳ್ಳಿದರು. ಆರಗದಲ್ಲಿ ಫೋನಿರುವುದು ಹಿಟ್ಟಿನ ಗಿರಣಿಯಲ್ಲಿ. ಅಲ್ಲಿ ಆಗ ಸಂಜೆಯ ದೀಪದ ಹೊತ್ತು. ಹುಡುಕಿ ಕರೆತರುವವರೆಗೆ ಹಾಲೆಂಡಿನ ಹನ್ನೆರಡು ಜನ ತಜ್ಞರು ಸ್ಪೀಕರಿನಲ್ಲಿ ಆರಗದ ಜೋಳ ಬೀಸುವ ಸದ್ದು ಕೇಳುತ್ತ ಕೂತರು.

"ಮಾವಶಿ, ನಾ ಸುಮಿ."

"ಯಾವ ಸುಮಿ? ವಿಮಾನದಾಗ ಹೋದಾಕಿ? ಊಟಾ ಆತೇನ?"

"ಆತರಿ. ನಿಮ್ಮ ಕಾಲ ಹೆಂಗ ಅದಾವ?"

"ನನ್ನ ಕಾಲಿಗೆ ಏನ ಧಾಡಿ? ಗಿರಣಿ ತನಕ ಓಡಿಕೋತ ಬಂದೇನಿ."

"ಫಾರ್ಮ್ ತುಂಬೂ ದಿನಾ ಕಾಲ ಲಯೀ ದುಖಲಂ ಅಂದಿದ್ರೆಲ್ಲಾ."

"ಹೂಂ ಮತ್ತ. ಸೂಜಿ ಚುಚ್ಚಿದ್ದು ಕಾಲ, ದುಖಲೇಲಂ ಕಾಲ. ನಿನಗ ಮರಾಠಿ ಸಾಳ್ಯಾಗ ಏನ ಕಲಿಸ್ಯಾರ?"

ಚೂರಿ ಡಾಕ್ಟರು ಫೋನಿನ ಮೇಲೆ ಬಾಗಿದರು. "ಮಾವಶಿ, ನಾ ಡಾಕ್ಟರ ಮಾತಾಡತೇನ್ರಿ. ಬಲಗಾಲಿಗೆ, ಮೊಣಕಾಲ ಕೆಳಗ, ಮೊದಲ ಯಾವಾಗರೆ ಪೆಟ್ಟ ಬಿದ್ದಿತ್ತೇನ್ರಿ?"

"ಅದಾ? ಹ್ವಾದ ದೀಪಾವಳಿಗೆ ಎಮ್ಮಿ ಒದ್ದಿತ್ತರಿ. ತಿಂಗಳಗಟ್ಟಲೆ ಕುಂಟಿದೆ. ಎಮ್ಮಿ ಮಾರಿಬಿಟ್ಟೇವಿ. ಅಲ್ಲಿಂದ ಕಾಣಸ್ತೈತೇನ್ರಿ ಅದು?"

"ಕಾಣಸ್ತೈತಿ," ಎಂದರು ಚೂರಿ ಡಾಕ್ಟರು.

ಎಮ್ಮೆ ಎಂಬುದನ್ನು ಸಲೈನ್ ಡಾಕ್ಟರು ಅಭಿನಯಿಸಿಯೇ ತೋರಿಸಿದರು, ಒದೆಯುವುದನ್ನೂ. ಬಿಳಿಕೂದಲಿನ ಡಾಕ್ಟರು ಗಂಭೀರವಾಗಿ ಬರೆದುಕೊಂಡರು. ಹಳೆಯ ಬಿರುಕು ಕೂಡಿಕೊಳ್ಳುವಾಗಲೂ ಸ್ಕ್ಯಾನಿನಲ್ಲಿ ಹೀಗೆ ಚುಕ್ಕೆ ಬರುತ್ತದೆ, ಆದರೆ ಎಮ್ಮೆಯ ಮಾತಿನ ಮೇಲಷ್ಟೇ ನಂಬಬೇಡಿ, ಊರಿಗೆ ಹೋದ ಕೂಡಲೇ ಆ ಕಾಲಿನ ಸಾದಾ ಎಕ್ಸರೇ ತೆಗೆಯಿರಿ ಎಂದರು ಅಧ್ಯಕ್ಷೆ. ಅದು ಬರೀ ಬಿರುಕಾದರೆ, ಮೊದಲು ಸಲೈನು, ಆಮೇಲೆ ಚೂರಿ, ಕೊನೆಗೆ ಶೇಕು. ವಾಸಿಯಾಗುವ ರೋಗ.

ಆ ಕಡತಕ್ಕೆ ಆರರ ಬದಲು ಮೂವತ್ತು ನಿಮಿಷ ಹಿಡಿದಿತ್ತು. ಕಾಫಿ ಆರಿಹೋಗಿತ್ತು. ಯಾರೂ ದೂರಲಿಲ್ಲ.

ಮತ್ತೆ ನದಿಯ ದಂಡೆ: ತೆರೆದ ಡಬ್ಬಿ

ಆ ಸಂಜೆ ನದಿಯ ದಂಡೆಯ ಬೆಂಚಿನ ಮೇಲೆ ನಾವು ನಾಲ್ವರು ಸಾಲಾಗಿ ಕೂತೆವು. ಯಾರೋ "ಎಮ್ಮಿ" ಎಂದರು. ಅಷ್ಟೇ. ಚೂರಿ ಡಾಕ್ಟರು ನಗಲು ಶುರುಮಾಡಿದರು, ಶೇಕಿನ ಡಾಕ್ಟರು ಅವರ ಹೆಗಲ ಮೇಲೆ ಬಿದ್ದು ನಕ್ಕರು, ಸಲೈನ್ ಡಾಕ್ಟರು ಬೆಂಚಿನಿಂದ ಜಾರಿ ಹುಲ್ಲಿನ ಮೇಲೆ ಕೂತು ನಕ್ಕರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೆ ತಿಳಿಯಲಿಲ್ಲ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ದಂಪತಿ ನಮ್ಮನ್ನು ನೋಡಿ ದಾರಿ ಬಿಟ್ಟು ಆಚೆಯಿಂದ ಹೋದರು.

ನಗು ನಿಂತ ಮೇಲೆ ಶೇಕಿನ ಡಾಕ್ಟರು ನದಿ ನೋಡುತ್ತ ಹೇಳಿದರು: "ಮುಂದಿನ ವಾರ ಆ ಕಾಲಿಗೆ ಶೇಕ ಕೊಡಾಂವ ಇದ್ದೆ. ಏನೂ ಆಗದ ಕಾಲಿಗೆ."

"ನಾ ಆಪರೇಶನ್ ಬ್ಯಾಡ ಅಂದಿದ್ದೆ," ಎಂದರು ಚೂರಿ ಡಾಕ್ಟರು.

"ನಾ ಬರೋಬ್ಬರಿ ಬರದಿದ್ದೆ," ಎಂದರು ಸಲೈನ್ ಡಾಕ್ಟರು. "ಯಾಕಂದ್ರ ನಿಮ್ಮಿಬ್ಬರ ಕಾಗದಾ ನಾ ಓದಿದ್ದಿಲ್ಲ."

ಮರೈಕೆಯ ಮನೆಗೆ ಬಂದು, ಮುಂದಿಟ್ಟ ಕಾಫಿ ಆರುವವರೆಗೂ ನಾನು ಹಾಗೇ ಕೂತೆ. ಅವರು ನೋಡಿದರು. ಡಬ್ಬಿ ತಂದು ಮೇಜಿನ ಮೇಲಿಟ್ಟರು, ಮುಚ್ಚಳ ತೆರೆದು ಪಕ್ಕಕ್ಕಿಟ್ಟರು, ಹಾಗೇ ಬಿಟ್ಟರು. ನಾನು ಐದು ತಿಂದೆ.

"ನಿಮಗೆ ಆ ಪ್ರಶ್ನೆ ಹೇಗೆ ಹೊಳೆಯಿತು?" ಎಂದು ಕೇಳಿದೆ.

"ಹೊಳೆದದ್ದೇನಿಲ್ಲ," ಎಂದರು. "ಮನುಷ್ಯರಿಗೆ ಎರಡು ಕಾಲಿರುತ್ತವಲ್ಲ."

ಆಮೇಲೆ ಪೆನ್ಸಿಲು ತಂದು ಮಾವಶಿಯ ಹುಟ್ಟಿದ ದಿನ ಯಾವುದೆಂದು ಕೇಳಿದರು. ಕಬ್ಬು ಕಡಿಯುವ ಹಂಗಾಮಿನಲ್ಲಿ ಹುಟ್ಟಿದ್ದಂತೆ, ತಾರೀಕು ಯಾರಿಗೂ ಗೊತ್ತಿಲ್ಲ ಎಂದೆ. ಹಾಗಾದರೆ ಇವತ್ತೇ, ಎಂದು ಶೌಚಾಲಯಕ್ಕೆ ಹೋಗಿ ಆ ಗುರುವಾರದ ತಾರೀಕಿನ ಮುಂದೆ ಬರೆದರು: ಶಾಂತವ್ವ, ಆರಗ. ಹೊರಗೆ ಬಂದು ನನ್ನ ಕೈ ಕುಲುಕಿ ಅಭಿನಂದನೆ ಹೇಳಿದರು. ಮಾವಶಿ ಹುಟ್ಟಿದ್ದಕ್ಕೆ, ನನಗೆ.

ಮತ್ತೆ ಸಾಂಗ್ಲಿ

ಎಕ್ಸರೆಯಲ್ಲಿ ಕಂಡದ್ದು ಕೂಡಿಕೊಂಡ ಹಳೆಯ ಬಿರುಕು, ಕೂದಲೆಳೆಯಷ್ಟು. ಎಮ್ಮೆ ನಿಜ ಹೇಳಿತ್ತು.

ಗುರುವಾರದ ಮೇಜನ್ನು ಎಲ್ಲಿ ಹಾಕುವುದು ಎಂಬುದಕ್ಕೆ ಮತ್ತೆ ಎರಡು ವಾರ ಹಿಡಿಯಿತು. ಯಾರ ದವಾಖಾನೆಗೂ ಇನ್ನಿಬ್ಬರು ಬರಲೊಲ್ಲರು. ಹಾಲೆಂಡು ಮನುಷ್ಯನನ್ನು ಅಷ್ಟೆಲ್ಲ ಬದಲಿಸುವುದಿಲ್ಲ. ಕೊನೆಗೆ ಕಾಕಾ ಗೋದಾಮಿನಲ್ಲೇ ಚೀಲಗಳನ್ನು ಸರಿಸಿ ಜಾಗ ಮಾಡಿಕೊಟ್ಟರು. ತಲೆ-ಕಾಲು ತಿಳಿಯದ ಮೇಜು ಮಾಡಲು ಬಡಗಿಗೆ ಹೇಳಿದರೆ ಆತ ದುಂಡಗೆ ಮಾಡಿ ತಂದ. ಈಗ ಒಂದೇ ರಕ್ತ, ಒಂದೇ ತಪಾಸಣೆ, ಒಂದೇ ಕಡತ. ಮೂವರ ಅಂಗಿಯ ಮೊಣಕೈಗಳೂ ಹಳದಿ. ಶುಕ್ರವಾರ ಮಿರಜದ ರಸ್ತೆಯಲ್ಲಿ ಯಾವ ಡಾಕ್ಟರು ಹಿಂದಿನ ದಿನ ಮೇಜಿಗೆ ಬಂದಿದ್ದರು, ಯಾರು ತಪ್ಪಿಸಿದರು ಎಂದು ಮೊಣಕೈ ನೋಡಿ ಚಹಾದಂಗಡಿಯವನೇ ಹೇಳಬಲ್ಲ.

ಸಲೈನು, ಚೂರಿ, ಶೇಕು ಮೂರೂ ಮುಗಿಸಿ ವರ್ಷದ ಮೇಲೆ ಮಾವಶಿ ತೋರಿಸಲು ಬಂದರು. ತಲೆಯ ಮೇಲೆ ಹೊಸ ಕೂದಲು ಗುಂಗುರಾಗಿ ಬಂದಿತ್ತು. ಅವರು ದುಂಡು ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತರು. ಎದುರಿಗೆ ಮೂವರು ಡಾಕ್ಟರು, ಪಕ್ಕದಲ್ಲಿ ನಾನು, ಫಾರ್ಮ್ ಬಿಚ್ಚಿಟ್ಟುಕೊಂಡು.

"ಹೆಂಗ ಅದೀರಿ ಮಾವಶಿ?" ಎಂದೆ.

"ಕಾಲ ಜರಾ ದುಖಲಂ," ಎಂದರು ಮಾವಶಿ.

ನನ್ನ ಪೆನ್ನು ನಿಂತಿತು. ಮೂವರು ಡಾಕ್ಟರೂ ಒಟ್ಟಿಗೆ ತಲೆಯೆತ್ತಿ, ಒಂದೇ ಉಸಿರಿಗೆ ಕೇಳಿದರು: "ಯಾವ ಕಾಲ?"

ಮಾವಶಿ ಒಬ್ಬೊಬ್ಬರನ್ನೂ ಸಾವಕಾಶವಾಗಿ ನೋಡಿದರು. ಕೊನೆಗೆ ನನ್ನನ್ನು. ಸೀರೆಯ ಅಂಚನ್ನು ಗೇಣು ಎತ್ತಿ, ಧೂಳು ಮೆತ್ತಿದ ಎರಡೂ ಪಾದಗಳನ್ನು ಮುಂದಕ್ಕೆ ಚಾಚಿದರು.

"ಇವು ಕಾಲ," ಎಂದರು. "ದುಖಲೇಲಂ ನಿನ್ನಿ, ತಲಿ. ಬಸ್ಸಿನ್ಯಾಗ ಬಿಸಲ ಬಡದಿತ್ತು. ಬರಕೋ."

ಬರೆದುಕೊಂಡೆ. ನಿನ್ನೆ ಎಂಬ ಒಂದು ಪದಕ್ಕೆ ಒಂದು ಇಡೀ ಸಾಲು ಹಿಡಿಯಿತು. ಅಕ್ಷರ ಅಷ್ಟು ದೊಡ್ಡದಾಗಿ ಬರೆದಿದ್ದೆ.